ಶಾಲೆಯ ಟಾಕಿ ಮತ್ತು ಬ್ಲೀಚಿಂಗ್ ಪುಡಿ

ಮೂರು ದಶಕಗಳ ಸೇವೆಯಲ್ಲಿ ನಾನು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಹಲವು ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿದ್ದೇನೆ. ವರ್ಗಾವಣೆಯ ಆದೇಶ ಕೈಸೇರಿದಾಗಲೆಲ್ಲ ನನ್ನ ಶ್ರೀಮತಿ ಕೇಳುತ್ತಿದ್ದ ಮೊದಲ ಪ್ರಶ್ನೆ, "ಅಲ್ಲಿ ನೀರು ಹೆಂಗ ಅದಾವು?" ಎಂಬುದು. ಮನೆಬಾಡಿಗೆ, ಸಂತೆ, ಬಸ್ಸಿನ ಸೌಕರ್ಯ ಎಲ್ಲ ಆಮೇಲಿನ ಮಾತು. ಹಾಗಾಗಿ ಈ ಭಾಗದ ಊರುಗಳು ನನ್ನ ನೆನಪಿನಲ್ಲಿ ಅಲ್ಲಿನ ನೀರಿನ ಜೊತೆಗೇ ಉಳಿದಿವೆ. ನಿಪ್ಪಾಣಿ ಎಂದರೆ ಜವಾಹರ ಕೆರೆಯ ನೀರು. ಚಿಕ್ಕೋಡಿ ತಾಲ್ಲೂಕಿನ ಉತ್ತರದ ಹಳ್ಳಿಗಳೆಂದರೆ ದೂಧಗಂಗೆ ಮತ್ತು ಕೃಷ್ಣೆ. ಕಾಗವಾಡ, ಉಗಾರ, ಕುಡಚಿಯ ಕಡೆಗೆ ಕೃಷ್ಣೆಯೊಬ್ಬಳದೇ ಅಧಿಕಾರ. ರಾಯಬಾಗದ ಕೆಲವು ಊರುಗಳಿಗೆ ಘಟಪ್ರಭೆಯ ಕಾಲುವೆ. ಅಥಣಿಯ ಪೂರ್ವದ ಒಣಹಳ್ಳಿಗಳಲ್ಲಿ ಕೊಳವೆಬಾವಿಯ ಸವಳು ನೀರು. ಅದರಲ್ಲಿ ಬೇಳೆ ಬೇಯುವುದೇ ಇಲ್ಲ ಎಂದು ಮನೆಯಲ್ಲಿ ದಿನವೂ ದೂರು.

ರುಚಿ ಎಷ್ಟೇ ಬೇರೆಯಾಗಿದ್ದರೂ ಈ ಎಲ್ಲ ಊರುಗಳ ಶಾಲೆಗಳ ನೀರಿಗೆ ಒಂದು ವಾಸನೆ ಸಮಾನವಾಗಿತ್ತು. ಅದು ಬ್ಲೀಚಿಂಗ್ ಪುಡಿಯ ವಾಸನೆ. ಮಳೆಗಾಲದ ಆರಂಭದಲ್ಲಿ ಅದು ಹೆಚ್ಚು, ದೀಪಾವಳಿಯ ಹೊತ್ತಿಗೆ ಕಡಿಮೆ. ನಳದ ಮುಂದೆ ಬೊಗಸೆಯೊಡ್ಡಿ ನಿಂತ ಮಕ್ಕಳು ಮೂಗು ಮುರಿಯುತ್ತಿದ್ದರು. "ಸರ್, ನೀರು ಔಷಧದ ವಾಸನಿ ಬರತಾವ್ರಿ" ಎಂಬ ದೂರು ವರ್ಷಕ್ಕೊಮ್ಮೆಯಾದರೂ ಶಿಕ್ಷಕರ ಕೊಠಡಿಗೆ ಬರುತ್ತಿತ್ತು.

ಈಗ ಆ ದೂರು ಬೇರೊಂದು ರೂಪ ತಾಳಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇಂದು ತಮ್ಮೂರಿನ ಶಾಲೆಯ ಎಸ್‌ಡಿಎಂಸಿ ಸದಸ್ಯರಾಗಿದ್ದಾರೆ. ಕ್ಲೋರಿನ್ ಹಾಕಿದ ನೀರು ಕುಡಿದರೆ ಕ್ಯಾನ್ಸರ್ ಬರುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶವೊಂದು ಅವರ ಊರಿನಲ್ಲಿ ಹರಿದಾಡಿ, ಶಾಲೆಯ ಟಾಕಿಗೆ ಪುಡಿ ಹಾಕುವುದನ್ನು ನಿಲ್ಲಿಸಬೇಕೆಂದು ಕೆಲವು ಪಾಲಕರು ಸಭೆಯಲ್ಲಿ ಪಟ್ಟು ಹಿಡಿದರಂತೆ. "ಸರ್, ಇದು ಖರೇ ಐತೇನ್ರಿ? ಹಾಕೂದೋ ಬಿಡೂದೋ, ನೀವ ಒಂದು ಮಾತು ಹೇಳಿಬಿಡ್ರಿ" ಎಂದರು. ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಆ ಸಂದೇಶದಲ್ಲಿ ಸ್ವಲ್ಪ ಸತ್ಯವಿದೆ. ಅದರಿಂದ ಎಳೆದ ತೀರ್ಮಾನ ಮಾತ್ರ ಅಪಾಯಕಾರಿ. ಇದೇ ಸಂದೇಹ ಬೇರೆ ಊರುಗಳ ಪಾಲಕರಿಗೂ ಇರಬಹುದೆಂದು ತಿಳಿದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಆ ಸತ್ಯದ ಭಾಗವನ್ನು ನೋಡೋಣ. ಕ್ಲೋರಿನ್ ಬಹಳ ಚುರುಕಾದ ಮೂಲವಸ್ತು. ಅದು ನೀರಿನಲ್ಲಿರುವ ರೋಗಾಣುಗಳನ್ನು ಮಾತ್ರ ಹುಡುಕಿಕೊಂಡು ಹೋಗಿ ಕೊಲ್ಲುವುದಿಲ್ಲ. ಎದುರಿಗೆ ಸಿಕ್ಕ ಸಾವಯವ ವಸ್ತುಗಳೊಡನೆಲ್ಲ ವರ್ತಿಸುತ್ತದೆ. ಕೊಳೆತ ಎಲೆ, ಪಾಚಿ, ಹೊಲದ ಮಣ್ಣಿನ ಕಪ್ಪು ಸಾರ ನೀರಿನಲ್ಲಿ ಕರಗಿದ್ದರೆ ಅವುಗಳೊಡನೆ ಸೇರಿ ಕೆಲವು ಹೊಸ ಸಂಯುಕ್ತಗಳು ಹುಟ್ಟುತ್ತವೆ. ಇವನ್ನೇ ಕ್ಲೋರಿನೀಕರಣದ ಉಪೋತ್ಪನ್ನಗಳು ಎನ್ನುತ್ತಾರೆ. ಅವುಗಳಲ್ಲಿ ಮುಖ್ಯವಾದ ಒಂದು ಗುಂಪು ಟ್ರೈಹ್ಯಾಲೋಮೀಥೇನ್‌ಗಳದು, ಇನ್ನೊಂದು ಹ್ಯಾಲೋಅಸಿಟಿಕ್ ಆಮ್ಲಗಳದು. ಮೊದಲ ಗುಂಪಿನ ಹಿರಿಯಣ್ಣ ನಮಗೆಲ್ಲ ಹೆಸರು ಗೊತ್ತಿರುವ ಕ್ಲೋರೋಫಾರ್ಮ್.

ಇಲ್ಲಿ ವಿಜ್ಞಾನದ ಇತಿಹಾಸದ ಒಂದು ಸ್ವಾರಸ್ಯವನ್ನು ಹೇಳಬೇಕು. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಅವರು ಕ್ಲೋರೋಫಾರ್ಮನ್ನು ಅರಿವಳಿಕೆಯಾಗಿ ಬಳಕೆಗೆ ತಂದರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯಲ್ಲಿ ಅದನ್ನು ಕೊಟ್ಟವರು ಡಾಕ್ಟರ್ ಜಾನ್ ಸ್ನೋ. ಮರುವರ್ಷ, 1854ರಲ್ಲಿ, ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಬೋರಿಂಗಿನ ನೀರಿನಿಂದಲೇ ಕಾಲರಾ ಹರಡುತ್ತಿದೆ ಎಂದು ಮನೆಮನೆಯ ಲೆಕ್ಕ ಹಿಡಿದು ತೋರಿಸಿದವರೂ ಅವರೇ. ನೀರಿನಿಂದ ರೋಗ ಬರುತ್ತದೆಂದು ಜಗತ್ತಿಗೆ ಮನಗಾಣಿಸಿದ ಮನುಷ್ಯ ಕ್ಲೋರೋಫಾರ್ಮಿನ ತಜ್ಞನೂ ಆಗಿದ್ದನು. ಮುಂದೆ 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ನಗರದ ನೀರಿಗೆ ನಿರಂತರವಾಗಿ ಕ್ಲೋರಿನ್ ಸೇರಿಸುವ ವ್ಯವಸ್ಥೆ ಆರಂಭವಾಯಿತು. ಕಾಲರಾ, ಟೈಫಾಯಿಡ್‌ಗಳು ಹಿಮ್ಮೆಟ್ಟಿದವು. 1974ರಲ್ಲಿ ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ನಗರದ ರಸಾಯನಶಾಸ್ತ್ರಜ್ಞ ಯೋಹಾನೆಸ್ ರೂಕ್ ಅವರು ಆ ಶುದ್ಧೀಕರಿಸಿದ ನೀರಿನಲ್ಲೇ ಕ್ಲೋರೋಫಾರ್ಮ್ ಇರುವುದನ್ನು, ಅದು ಕ್ಲೋರಿನ್ ಸೇರಿಸಿದ ಮೇಲೆಯೇ ಹುಟ್ಟುವುದನ್ನು ತೋರಿಸಿಕೊಟ್ಟರು. ಅದೇ ವರ್ಷ ಅಮೆರಿಕದಲ್ಲೂ ಇದು ಪತ್ತೆಯಾಯಿತು. ಎರಡು ವರ್ಷಗಳ ನಂತರ, ಹೆಚ್ಚಿನ ಪ್ರಮಾಣದ ಕ್ಲೋರೋಫಾರ್ಮಿನಿಂದ ಇಲಿ ಮತ್ತು ಸುಂಡಿಲಿಗಳಲ್ಲಿ ಕ್ಯಾನ್ಸರ್ ಉಂಟಾಗುವುದು ಕಂಡುಬಂದಿತು. ವಾಟ್ಸ್‌ಆ್ಯಪ್ ಸಂದೇಶದ ಬೇರು ಇಲ್ಲಿದೆ.

ಆ ಬಳಿಕ ದೇಶಗಳು ಮಿತಿಗಳನ್ನು ಗೊತ್ತುಪಡಿಸಿದವು. ನಮ್ಮ ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಕ್ಲೋರೋಫಾರ್ಮ್ 0.2 ಮಿಲಿಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 0.3 ಮಿಲಿಗ್ರಾಂ. ಅಮೆರಿಕದಲ್ಲಿ ಟ್ರೈಹ್ಯಾಲೋಮೀಥೇನ್‌ಗಳು ಎಲ್ಲ ಸೇರಿ 0.08 ಮಿಲಿಗ್ರಾಂ ಮಾತ್ರ. ಇಂಥ ನೀರನ್ನು ದಶಕಗಳ ಕಾಲ ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಭಾರತದಲ್ಲಿ ಈ ತೊಂದರೆಯೇ ಇಲ್ಲವೆಂದೂ ತಿಳಿಯಬಾರದು. ಧನಬಾದಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೂರ್ವ ಭಾರತದ ಕೆಲವು ಶುದ್ಧೀಕರಣ ಘಟಕಗಳ ನೀರು ಅಮೆರಿಕದ ಮಿತಿಯನ್ನು ಹಲವು ಪಟ್ಟು ಮೀರಿತ್ತು. ಭಯಕ್ಕೆ ಆಧಾರವಿದೆ. ಅದನ್ನು ನಕ್ಕು ತಳ್ಳಿಹಾಕುವುದು ಶಿಕ್ಷಕನಾದವನಿಗೆ ಶೋಭಿಸುವುದಿಲ್ಲ.

ಇನ್ನು ತಕ್ಕಡಿಯ ಮತ್ತೊಂದು ತಟ್ಟೆ. ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಿಪ್ಪಾಣಿ, ಸದಲಗಾಗಳಿಂದ ಕೂಗಳತೆಯಲ್ಲಿ ಎನ್ನುವಷ್ಟು ಹತ್ತಿರವಿರುವ ಇಚಲಕರಂಜಿಯಲ್ಲಿ 2012ರ ಬೇಸಿಗೆಯಲ್ಲಿ ಕಾಮಾಲೆ ಹರಡಿತು. ನಮ್ಮ ಕಡೆ ಅದಕ್ಕೆ ಕಾಮಣಿ ಎನ್ನುತ್ತಾರೆ. ಸಾವಿರಾರು ಜನ ಹಾಸಿಗೆ ಹಿಡಿದರು, ಸಾವುಗಳೂ ಸಂಭವಿಸಿದವು. ಆ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಕೃಷ್ಣೆ ಅಲ್ಲಿಂದ ನಮ್ಮ ನೆಲಕ್ಕೆ ಬರುತ್ತಾಳೆ. 2022ರಲ್ಲಿ ರಾಯಚೂರಿನಲ್ಲಿ, ಅದೇ ವರ್ಷ ನಮ್ಮದೇ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಇವೆಲ್ಲ ನಿನ್ನೆ ಮೊನ್ನೆಯ ಸಂಗತಿಗಳು.

ಎರಡು ಅಪಾಯಗಳ ವ್ಯತ್ಯಾಸ ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಹಾಜರಿ ಪುಸ್ತಕದಲ್ಲಿ. ಉಪೋತ್ಪನ್ನಗಳ ಮಿತಿಯನ್ನು ಲೆಕ್ಕ ಹಾಕುವಾಗ, ಒಬ್ಬ ಮನುಷ್ಯ ದಿನಕ್ಕೆರಡು ಲೀಟರಿನಂತೆ ಜೀವಮಾನವಿಡೀ ಆ ನೀರು ಕುಡಿದರೆ ಏನಾದೀತು ಎಂದು ನೋಡುತ್ತಾರೆ. ರೋಗಾಣುವಿನ ಲೆಕ್ಕ ಹಾಗಲ್ಲ; ಒಂದು ಲೋಟ ನೀರು ಸಾಕು. ಜುಲೈ ತಿಂಗಳಿನಲ್ಲಿ ಹಾಜರಿ ಕರೆಯುವಾಗ ಒಂದೇ ಓಣಿಯ ನಾಲ್ಕಾರು ಮಕ್ಕಳ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿಯ ಗುರುತು ಬಿದ್ದರೆ, ಅಲ್ಲಿ ವಾಂತಿಭೇದಿ ಶುರುವಾಗಿದೆ ಎಂದು ಆರೋಗ್ಯ ಇಲಾಖೆಗಿಂತ ಮೊದಲು ನಮಗೆ ತಿಳಿಯುತ್ತಿತ್ತು. ಕಾಮಣಿಯಾದ ಮಗು ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹತ್ತನೆಯ ತರಗತಿಯ ಹುಡುಗಿ ಒಂದು ತಿಂಗಳು ತಪ್ಪಿಸಿಕೊಂಡರೆ, ಪರೀಕ್ಷೆಗೆ ಕೂಡಿಸುವುದು ಬೇಡ ಎಂದು ಮನೆಯವರು ನಿರ್ಧರಿಸಿಬಿಡುವುದುಂಟು. ಅದರ ಪರಿಣಾಮವೂ ಜೀವಮಾನದ್ದೇ.

ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ಇದೇ. ಸೋಂಕು ತೆಗೆಯದ ನೀರಿನ ಅಪಾಯಕ್ಕೆ ಹೋಲಿಸಿದರೆ ಉಪೋತ್ಪನ್ನಗಳ ಅಪಾಯ ಅತ್ಯಲ್ಪ. ಅವುಗಳನ್ನು ತಗ್ಗಿಸಲು ಹೋಗಿ ಸೋಂಕುನಿವಾರಣೆಯಲ್ಲಿ ರಾಜಿಯಾಗಬಾರದು. 1991ರಲ್ಲಿ ಪೆರು ದೇಶದಲ್ಲಿ ಕಾಲರಾ ಬಂದು ಮೂರು ಲಕ್ಷಕ್ಕೂ ಹೆಚ್ಚು ಜನ ಪೀಡಿತರಾದಾಗ, ಉಪೋತ್ಪನ್ನಗಳ ಭಯದಿಂದ ಕ್ಲೋರಿನ್ ನಿಲ್ಲಿಸಿದ್ದೇ ಅದಕ್ಕೆ ಕಾರಣ ಎಂದು ಕೆಲವರು ಬರೆದರು. ಮುಂದೆ ಪರಿಶೀಲಿಸಿದವರು, ಹಾಳಾದ ಕೊಳವೆಗಳು ಮತ್ತು ಕ್ಲೋರಿನ್ ಹಾಕುವ ವ್ಯವಸ್ಥೆಯೇ ಸರಿಯಿಲ್ಲದಿದ್ದುದು ಮುಖ್ಯ ಕಾರಣವೆಂದು ತೋರಿಸಿದರು. ಕ್ಲೋರಿನ್ನಿನ ವಿರುದ್ಧ ಇರುವಂತೆ ಕ್ಲೋರಿನ್ನಿನ ಪರವಾಗಿಯೂ ಉತ್ಪ್ರೇಕ್ಷೆಗಳಿವೆ ಎಂಬುದಕ್ಕಾಗಿ ಈ ಮಾತು.

ಹಾಗಾದರೆ ಪುಡಿಯನ್ನು ಧಾರಾಳವಾಗಿ ಸುರಿದುಬಿಟ್ಟರೆ ಆಯಿತೇ? ಇಲ್ಲ. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ, ಮತ್ತು ಅದನ್ನು ಒಂದು ಪ್ರಯೋಗದ ಮೂಲಕ ಹೇಳುತ್ತೇನೆ.

ಆರೋಗ್ಯ ಸಹಾಯಕರಿಂದ ಕ್ಲೋರೋಸ್ಕೋಪ್ ತರಿಸಿಕೊಂಡು ನಾನು ಒಂಬತ್ತನೆಯ ತರಗತಿಗೆ ಈ ಪ್ರಯೋಗ ಮಾಡಿ ತೋರಿಸುತ್ತಿದ್ದೆ. ಎರಡು ಬಾಟಲಿಗಳು. ಒಂದರಲ್ಲಿ ಕೊಳವೆಬಾವಿಯ ತಿಳಿನೀರು. ಇನ್ನೊಂದರಲ್ಲಿ ಬೇವಿನ ಎಲೆ ಮತ್ತು ಕಬ್ಬಿನ ರವದಿಯನ್ನು ಎರಡು ದಿನ ನೆನೆಹಾಕಿ ಸೋಸಿದ ಕಂದು ನೀರು. ಎರಡಕ್ಕೂ ಬ್ಲೀಚಿಂಗ್ ಪುಡಿಯ ದ್ರಾವಣದ ಅಷ್ಟಷ್ಟೇ ಹನಿ. ಅರ್ಧ ತಾಸಿನ ನಂತರ ಪರೀಕ್ಷಿಸಿದರೆ ಮೊದಲ ಬಾಟಲಿಯ ನೀರು ಹಳದಿ ಬಣ್ಣ ತೋರುತ್ತಿತ್ತು. ಎರಡನೆಯದರಲ್ಲಿ ಬಣ್ಣವೇ ಇಲ್ಲ. "ಸರ್, ಹಾಕಿದ ಕ್ಲೋರಿನ್ ಎಲ್ಲಿ ಹೋತ್ರಿ?" ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಕ್ಲೋರಿನ್ ಎಲೆ-ರವದಿಗಳ ಸಾರದೊಡನೆ ಸೆಣಸಿ ಖರ್ಚಾಗಿಹೋಗಿತ್ತು. ರೋಗಾಣು ಕೊಲ್ಲಲು ಏನೂ ಉಳಿದಿರಲಿಲ್ಲ. ಹಾಗೆ ಖರ್ಚಾದ ಕ್ಲೋರಿನ್ನಿನ ಒಂದು ಪಾಲು ಕ್ಲೋರೋಫಾರ್ಮಿನಂಥ ಉಪೋತ್ಪನ್ನವಾಗಿ ನೀರಿನಲ್ಲೇ ಕುಳಿತಿರುತ್ತದೆ. ಅದನ್ನು ಅಳೆಯಲು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಬೇಕು, ಶಾಲೆಯ ಪ್ರಯೋಗಾಲಯದಲ್ಲಿ ಆಗುವ ಕೆಲಸವಲ್ಲ. ಆದರೆ ಬಣ್ಣ ಬಾರದ ಆ ಬಾಟಲಿ ಎರಡು ಸಂಗತಿಗಳನ್ನು ಒಟ್ಟಿಗೆ ಹೇಳುತ್ತದೆ. ನೀರಿನ ಕೊಳೆಯಿಂದ ರೋಗಾಣುಗಳಿಗೆ ರಕ್ಷಣೆ. ಅದೇ ಕೊಳೆಯಿಂದ ಉಪೋತ್ಪನ್ನಗಳಿಗೆ ಜನ್ಮ. ಶತ್ರು ಒಬ್ಬನೇ.

ಕೊಳೆಯಿದ್ದ ನೀರಿಗೆ ಬರಿಯ ಕ್ಲೋರಿನ್ ಸಾಲದು ಎಂಬುದಕ್ಕೆ ದಿಲ್ಲಿಯ ನಿದರ್ಶನವಿದೆ. 1955ರ ಕೊನೆಗೆ ಯಮುನೆಯ ಪ್ರವಾಹದ ನಂತರ ಚರಂಡಿಯ ನೀರು ವಜೀರಾಬಾದಿನ ಜಲಶುದ್ಧಿ ಘಟಕದ ಮೂಲಕ್ಕೇ ನುಗ್ಗಿತು. ಅಧಿಕಾರಿಗಳು ಕ್ಲೋರಿನ್ ಪ್ರಮಾಣವನ್ನು ಏರಿಸಿದರು. ಟೈಫಾಯಿಡಿನಂಥ ರೋಗಗಳು ಹೆಚ್ಚಲಿಲ್ಲ. ಆದರೆ ಕಾಮಾಲೆಯ ವೈರಾಣು ಪಾರಾಗಿ ಬಂದಿತು; ಸುಮಾರು 29,000 ಜನರಿಗೆ ರೋಗ ತಗುಲಿತು. ಅದು ಹೆಪಟೈಟಿಸ್ 'ಇ' ಎಂಬುದು ದಶಕಗಳ ಅನಂತರ ತಿಳಿಯಿತು.

ನಮ್ಮ ಕೃಷ್ಣಾ ತೀರದ ಶಾಲೆಗಳಿಗೆ ಇದು ಬಹಳ ಹತ್ತಿರದ ಮಾತು. ಹೊಳೆಯ ನೀರು ಜೂನ್, ಜುಲೈ ತಿಂಗಳುಗಳಲ್ಲಿ ಕೆಂಪಗೆ, ಹೊಲಗಳ ಮಣ್ಣನ್ನೂ ರವದಿಯನ್ನೂ ಹೊತ್ತು ಬರುತ್ತದೆ. ಏಪ್ರಿಲ್, ಮೇ ತಿಂಗಳಿನಲ್ಲಿ ಬ್ಯಾರೇಜುಗಳ ಹಿಂದೆ ನಿಂತು ಹಸಿರುಗಟ್ಟುತ್ತದೆ. ಎರಡೂ ಕಾಲಗಳಲ್ಲಿ ಕ್ಲೋರಿನ್ನನ್ನು ನುಂಗುವ ಸರಕು ಅದರಲ್ಲಿ ಹೇರಳ. ಬಿಸಿಲು ಹೆಚ್ಚಿದಷ್ಟೂ, ಕ್ಲೋರಿನ್ ಸೇರಿದ ನೀರು ನಿಂತಷ್ಟೂ ಉಪೋತ್ಪನ್ನ ಹೆಚ್ಚು. 2005, 2019, 2021ರ ಮಹಾಪೂರಗಳನ್ನು ಕಂಡವರಿಗೆ ಬೇರೆ ವಿವರಣೆ ಬೇಡ. 2019ರ ಆಗಸ್ಟಿನಲ್ಲಿ ನಾನಿದ್ದ ಶಾಲೆಯ ಕೊಠಡಿಗಳೆಲ್ಲ ನಿರಾಶ್ರಿತರ ಬಿಡಾರಗಳಾಗಿದ್ದವು. ಒಬ್ಬ ಅಜ್ಜ ಕ್ಲೋರಿನ್ ಮಾತ್ರೆ ಹಾಕಿದ ನೀರನ್ನು ದೂರ ಸರಿಸಿ, "ಹೊಳಿ ನೀರು ಕುಡದ ಬೆಳದೀವ್ರಿ ಮಾಸ್ತರ, ನಮಗ ಏನಾಗತೈತಿ?" ಎಂದ. "ಅಜ್ಜಾ, ನೀವು ಕುಡಿದ ಹೊಳಿ ಬ್ಯಾರೇ ಇತ್ತು" ಎಂದೆ. ಮೊದಲು ತುರಟಿ ಆಡಿಸಿ ನೀರನ್ನು ತಿಳಿಯಾಗಿಸಿ, ಅರಿವೆಯಲ್ಲಿ ಸೋಸಿ, ಆಮೇಲೆ ಮಾತ್ರೆ ಹಾಕಿದ ಕೊಡದಲ್ಲಿ ವಾಸನೆ ಅಷ್ಟಾಗಿ ಇರಲಿಲ್ಲ. ಅಜ್ಜ ಅದನ್ನು ಗೊಣಗದೆ ಕುಡಿದ. ತುರಟಿ ಎಂದರೆ ಪಟಿಕ. ನಮ್ಮ ಅಜ್ಜಿಯರು ಮಳೆಗಾಲದ ಹರವಿಯಲ್ಲಿ ತಪ್ಪದೆ ಆಡಿಸುತ್ತಿದ್ದ ಆ ಬಿಳಿ ಹರಳು, ಉಪೋತ್ಪನ್ನಗಳ ಕಚ್ಚಾ ಸರಕನ್ನೂ ಒಂದಷ್ಟು ತಳಕ್ಕೆ ಇಳಿಸಿಬಿಡುತ್ತದೆ. ದೊಡ್ಡ ಘಟಕಗಳಲ್ಲಿ ನಡೆಯುವುದೂ ಇದೇ ಕ್ರಮ.

ಇನ್ನು ಶಾಲೆಗಳಲ್ಲಿ ಮಾಡಬಹುದಾದ ಕೆಲಸಗಳನ್ನು ಹೇಳುತ್ತೇನೆ. ಯಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ.

ಬೇಸಿಗೆ ಮತ್ತು ದಸರಾ ರಜೆಯ ನಂತರ ಟಾಕಿಯಲ್ಲಿ ನಿಂತ ಹಳೆಯ ನೀರಿಗೆ ಪುಡಿ ಸುರಿಯಬಾರದು. ಆ ನೀರನ್ನು ಪೂರ್ತಿ ಹೊರಗೆ ಬಿಟ್ಟು, ತಳದ ರಾಡಿ ತೆಗೆದು, ಗೋಡೆಯ ಪಾಚಿ ಉಜ್ಜಿ, ಆಮೇಲೆ ಹೊಸ ನೀರು ತುಂಬಬೇಕು. ಟಾಕಿಗೆ ಮುಚ್ಚಳವಿರಬೇಕು, ಎಲೆಯೂ ಬಿಸಿಲೂ ಒಳಗೆ ಹೋಗಬಾರದು.

ಪುಡಿಯನ್ನು ಮುಷ್ಟಿಯಿಂದ ಅಳೆಯುವ ರೂಢಿ ಬಿಡಬೇಕು. ಒಳ್ಳೆಯ ಪುಡಿಯಲ್ಲಿ ಶೇಕಡಾ 33ರಷ್ಟು ಕ್ಲೋರಿನ್ ಇರುತ್ತದೆ. ತಿಳಿನೀರಾದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಸಾಕು. ಐದು ಸಾವಿರ ಲೀಟರಿನ ಟಾಕಿಗೆ ಹನ್ನೆರಡೂವರೆ ಗ್ರಾಂ. ಪ್ರಯೋಗಾಲಯದ ತಕ್ಕಡಿ ಇರುವುದೇ ಇಂಥದಕ್ಕೆ. ಪುಡಿಯನ್ನು ಮಗ್ಗಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಹಾಕಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿ ಸತ್ವ ಕಳೆದುಕೊಳ್ಳುತ್ತದೆ. ಕೊನೆಗೆ ಉಳಿಯುವುದು ಸುಣ್ಣ ಮಾತ್ರ. ಅದನ್ನು ಎಷ್ಟು ಹಾಕಿದರೂ ವ್ಯರ್ಥ.

ಪುಡಿ ಹಾಕಿ ಒಂದು ತಾಸು ಬಿಟ್ಟು ನಳದ ನೀರನ್ನು ಪರೀಕ್ಷಿಸಬೇಕು. ಒಂದು ಲೀಟರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕಾಮಾಲೆಯಂಥ ರೋಗದ ಭಯವಿದ್ದಾಗ 0.5. ಉಳಿಯದಿದ್ದರೆ ಇನ್ನಷ್ಟು ಸುರಿಯುವ ಮೊದಲು, ಕ್ಲೋರಿನ್ನನ್ನು ನುಂಗಿದ್ದು ಏನು ಎಂದು ಕೇಳಿಕೊಳ್ಳಬೇಕು. ವಾಸನೆಯನ್ನೇ ಅಳತೆಗೋಲಾಗಿ ನಂಬಬಾರದು. ಕಟುವಾದ ವಾಸನೆ ಅನೇಕ ಸಲ ಹೆಚ್ಚಾದ ಕ್ಲೋರಿನ್ನಿನದಲ್ಲ; ನೀರಿನ ಹೊಲಸಿನೊಡನೆ ಕ್ಲೋರಿನ್ ಸೇರಿ ಆದ ಕ್ಲೋರಮೀನುಗಳದು.

ಬಿಸಿಯೂಟದ ಬಗ್ಗೆ ಕೇಳುವವರಿಗೆ ಒಂದು ಸಮಾಧಾನ. ಕ್ಲೋರೋಫಾರ್ಮ್ 61 ಡಿಗ್ರಿಯಲ್ಲೇ ಕುದಿಯುವ ವಸ್ತು. ತೆರೆದ ಪಾತ್ರೆಯಲ್ಲಿ ನೀರು ಕುದ್ದರೆ ಅದರ ಬಹುಭಾಗ ಹಾರಿಹೋಗುತ್ತದೆ. ಹ್ಯಾಲೋಅಸಿಟಿಕ್ ಆಮ್ಲಗಳು ಹಾಗೆ ಸುಲಭವಾಗಿ ಹೋಗುವುದಿಲ್ಲ. ಆದ್ದರಿಂದ ಕುದಿಸುವುದು ಸ್ವಚ್ಛತೆಗೆ ಬದಲಿಯಲ್ಲ. ಇದ್ದಿಲಿನ ಶೋಧಕ ಅಥವಾ ಆರ್‌ಓ ಯಂತ್ರವಿರುವ ಶಾಲೆಗಳು ಇನ್ನೊಂದು ಎಚ್ಚರ ವಹಿಸಬೇಕು. ಇದ್ದಿಲು ಉಪೋತ್ಪನ್ನಗಳನ್ನು ಹೀರುತ್ತದೆ, ಜೊತೆಗೆ ಕ್ಲೋರಿನ್ನನ್ನೂ ಹೀರುತ್ತದೆ. ಹಾಗೆ ಕಾವಲಿಲ್ಲದ ನೀರನ್ನು ತೊಳೆಯದ ಡ್ರಮ್ಮಿನಲ್ಲಿ ತುಂಬಿಟ್ಟು, ಕೈ ಅದ್ದಿ ಲೋಟ ಮುಳುಗಿಸಿದರೆ ಯಂತ್ರದ ಖರ್ಚೆಲ್ಲ ನೀರಿನಲ್ಲಿ ಹೋಮ. ಅದರ ಇದ್ದಿಲನ್ನು ಕಾಲಕಾಲಕ್ಕೆ ಬದಲಿಸದಿದ್ದರೂ ಅಷ್ಟೇ.

ಪಾಲಕರ ಸಭೆಗಳಲ್ಲಿ "ಪುಡಿ ಹಾಕಬೇಕೇ, ಬೇಡವೇ?" ಎಂಬ ಚರ್ಚೆಗೆ ಒಂದು ತಾಸು ಕಳೆಯುವ ಬದಲು, "ಟಾಕಿ ತೊಳೆದದ್ದು ಯಾವಾಗ?" ಎಂದು ಕೇಳಿದರೆ ಹೆಚ್ಚು ಪ್ರಯೋಜನವಾದೀತು. ಪುಡಿ ಬೇಡವೆನ್ನುವವರ ಭಯಕ್ಕೂ, ಬೇಕೆನ್ನುವವರ ಭಯಕ್ಕೂ ಉತ್ತರ ಆ ಟಾಕಿಯ ತಳದಲ್ಲಿದೆ. ಪುಡಿ ಬಿಡುವುದು ಬೇಡ. ಆದರೆ ಅದರ ಸರದಿ ಕೊನೆಯದು.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನಾವು ಒಂದು ಸಣ್ಣ ವ್ಯವಸ್ಥೆ ಮಾಡಿದ್ದೆವು. ಟಾಕಿ ತೊಳೆದ ದಿನಾಂಕವನ್ನು ಅದರ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ ಬಣ್ಣದಿಂದ ಬರೆಯಿಸುತ್ತಿದ್ದೆವು. ಎರಡು ತಿಂಗಳು ದಾಟಿದರೆ ಮಕ್ಕಳೇ ಬಂದು, "ಸರ್, ತಾರೀಖು ಹಳೇದಾತ್ರಿ" ಎನ್ನುತ್ತಿದ್ದರು. ಮುಖ್ಯೋಪಾಧ್ಯಾಯರು, ಸಿಪಾಯಿ, ನಾವು ಶಿಕ್ಷಕರು, ಯಾರೂ ಮರೆಯುವಂತಿರಲಿಲ್ಲ. ಈ ಜೂನ್ ತಿಂಗಳಿನಲ್ಲಿ ಶಾಲೆ ತೆರೆಯುವ ಮೊದಲು ಇಷ್ಟನ್ನು ಮಾಡಲು ಬೇಕಾಗುವುದು ಒಂದು ಕುಂಚ, ಸ್ವಲ್ಪ ಬಣ್ಣ, ಮತ್ತು ಟಾಕಿಯೊಳಗೆ ಇಳಿಯಲು ಒಂದು ಏಣಿ.